ಅಂಗಳದಲ್ಲಿ ಬಿದ್ದ ತಂತಿ

ಕೇಂದ್ರಾಪಡಾ, ಗುರುವಾರ ಬೆಳಿಗ್ಗೆ

ಭಾವನವರಿಗೆ ಝರಣಾ ಮಾಡುವ ನಮಸ್ಕಾರ.

ನಿಮ್ಮೆದುರು ಮಾತಾಡುವ ಹಾಗಿಲ್ಲವಲ್ಲ, ಅದಕ್ಕೇ ಈ ಚೀಟಿಯನ್ನು ಅತ್ತೆಯ ಕೈಲಿ ಕಳಿಸಿದ್ದೇನೆ. ಜೊತೆಗೆ ನೀರಲ್ಲಿ ನೆನೆಸಿದ ಅನ್ನ, ಸುಟ್ಟ ಬದನೆಕಾಯಿ ಇದೆ.

ಚಂಡಮಾರುತ ಹೋಗಿ ನಾಲ್ಕು ದಿನವಾಯಿತು. ಊರವರೆಲ್ಲ ಆಶ್ರಯ ಕಟ್ಟಡ ಬಿಟ್ಟು ಮನೆ ಸೇರಿದ್ದಾರೆ. ನೀವೊಬ್ಬರೇ ತಿರುಗಿ ಅಲ್ಲಿಗೆ ಹೋಗಿ ಕೂತಿದ್ದೀರಿ.

ಮದುವೆಯಾಗಿ ಹನ್ನೊಂದು ವರ್ಷ, ನಿಮ್ಮೆದುರು ಮುಖದ ಮೇಲಿನ ಸೆರಗು ಸರಿಸಿದವಳಲ್ಲ, ತುಟಿ ಬಿಚ್ಚಿದವಳಲ್ಲ. ತಮ್ಮನ ಹೆಂಡತಿ ಹಾಗೇ ಇರಬೇಕು, ಒಪ್ಪಿದೆ. ಆದರೆ ಅವತ್ತು ಅಂಗಳದಲ್ಲಿ ಬಿದ್ದ ಕರೆಂಟ್ ತಂತಿ ನೋಡಿ, "ಊರಿಗೇ ಕರೆಂಟಿಲ್ಲ, ಇದೇನ್ ಮಾಡುತ್ತೆ" ಅಂತ ಸುತ್ತಿಡಲು ಬಗ್ಗಿದಿರಿ. ಹಿಂದಿನ ಬೀದಿಯವರು ಜನರೇಟರ್ ಹಚ್ಚಿದ್ದು ನನಗೆ ಕೇಳಿಸಿತು. ನಿಮ್ಮನ್ನು ಏನಂತ ಕರೆಯಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. "ಕ್ಷೇತ್ರವಾಸಿ, ಮುಟ್ಟಬೇಡ!" ಅಂತ ನಿಮ್ಮ ಹೆಸರು ಹಿಡಿದೇ ಕೂಗಿಬಿಟ್ಟೆ. ಬೀದಿಗೆಲ್ಲ ಕೇಳಿಸಿತು. ನೀವು ಸಿಟ್ಟಾಗಿ ಹೊರಟುಹೋದಿರಿ. ಆಮೇಲೆ ಅದೇ ತಂತಿ ತುಳಿದು ನಮ್ಮ ಆಡು ನಿಂತಲ್ಲೇ ಸತ್ತುಬಿತ್ತು. ಜನರೇಟರಿನ ಕರೆಂಟು ಆ ತಂತಿಗೂ ಹರಿದಿತ್ತಂತೆ.

ಅತ್ತೆ ಅನ್ನುತ್ತಾರೆ, "ಅವನೇನು ಹೊಸ ಮದುಮಗಳಾ, ಮುಖ ಮುಚ್ಕೊಂಡು ಕೂರೋಕೆ?"

ಲೈನ್‌ಮನ್ ಇನ್ನೂ ಬಂದಿಲ್ಲ. ತಂತಿಯಿಂದ ದೂರದಲ್ಲೇ ಸುತ್ತ ಬಿದಿರು ನೆಟ್ಟು ನನ್ನ ಹಳೇ ಕೆಂಪು ಸೀರೆ ಕಟ್ಟಿದ್ದೇನೆ. ಮುಂಬಾಗಿಲಿಗೆ ಬರಬೇಡಿ, ಕೊಳದ ಕಡೆಯಿಂದ ಬನ್ನಿ. ನಾನು ಸೆರಗು ಹೊದ್ದು ಒಳಗೇ ಇರುತ್ತೇನೆ.

ಆದರೆ ಆ ಸೀರೆ ದಾಟಿದಿರೋ, ಮತ್ತೆ ಹೆಸರು ಹಿಡಿದೇ ಕೂಗುತ್ತೇನೆ.

ನಿಮ್ಮ ತಮ್ಮನ ಹೆಂಡತಿ,
ಝರಣಾ