ನಿಧಾನಪ್ಪನ ಲಾರಿಯಲ್ಲಿ ಕಳಿಸಿದ ಕಾಗದ

ಮನೆಯಿಂದ,
ಹದಿನೇಳನೇ ತಾರೀಖು, ಬುಧವಾರ, ಬೆಳಿಗ್ಗೆ

ಪ್ರೀತಿಯ ಮಗಳೇ,

ಮಗಳೇ ಎಂದು ಬರೆದಿದ್ದೇನೆ. ಸೊಸೆಯನ್ನು ಹಾಗೆ ಕರೆಯುವ ಹಕ್ಕನ್ನು ಈ ಅತ್ತೆ ಮೂರು ವರ್ಷದ ಹಿಂದೆಯೇ ಕಳೆದುಕೊಂಡಳು ಅನಿಸಿದರೆ ಆ ಪದವನ್ನು ಹೊಡೆದುಹಾಕಿ ಮುಂದೆ ಓದು. ನೀನು ಹೇಗಿದ್ದೀಯ? ನನ್ನ ಮೊಮ್ಮಗಳು ಗುಬ್ಬಿ ಹೇಗಿದ್ದಾಳೆ? ಅವಳಿಗೆ ಬೇಗ ನೆಗಡಿಯಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಇರಲು ಬಿಡಬೇಡ. ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ. ನೋಡು, ಬರೆಯಲು ಕೂತು ಎರಡು ನಿಮಿಷವಾಗಿಲ್ಲ, ಆಗಲೇ ಅಪ್ಪಣೆ ಕೊಡಲು ಶುರುಮಾಡಿದೆ. ಮೂವತ್ತೊಂದು ವರ್ಷ ಡ್ರಿಲ್ ಟೀಚರಾಗಿ ಸೀಟಿ ಊದಿದವಳ ಬಾಯಿ ಅಷ್ಟು ಸುಲಭವಾಗಿ ಸುಮ್ಮನಾಗುವುದಿಲ್ಲ.

ಹೊಳೆಯ ನೀರು ನಿನ್ನ ಅಣ್ಣನ ಬೀದಿಗೆ ನುಗ್ಗಿದ್ದನ್ನು ಟಿ.ವಿ.ಯಲ್ಲಿ ನೋಡಿದೆ. ಕಿಟಕಿಯ ಮಟ್ಟಕ್ಕೆ ನೀರು, ಅದರಲ್ಲಿ ಯಾರದೋ ಮನೆಯ ಮಂಚ ತೇಲಿ ಹೋಗುತ್ತಿತ್ತು. ಅದು ನಿಮ್ಮದೋ ಅಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ನಿಮ್ಮ ಮಂಚ ಹೇಗಿದೆ ಎಂಬುದೇ ನನಗೆ ಗೊತ್ತಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ನಾಲ್ಕು ದಿನ ಫೋನ್ ಮಾಡಿದೆ, ಹೋಗಲಿಲ್ಲ. ಆ ಕಡೆಯಿಂದ ವಾಪಸಾದ ಡ್ರೈವರೊಬ್ಬ, ನಿಮ್ಮ ಬೀದಿಯವರೆಲ್ಲ ಎತ್ತರದ ಮೇಲಿನ ಸ್ಕೂಲಿನಲ್ಲಿದ್ದಾರೆ, ಪುಟ್ಟ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀರಿಗೆ ಸಾಲು ನಿಂತ ಹೆಂಗಸನ್ನು ನೋಡಿದೆ ಎಂದ. ಅದು ನೀನೇ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನೀವಿಬ್ಬರೂ ಕ್ಷೇಮ ಎಂದು ಒಂದು ಸಾಲು ನಿನ್ನ ಕೈಯಲ್ಲೇ ಬರೆದು ಕಳಿಸು, ನನಗೆ ಬೇಕಾದದ್ದು ಅಷ್ಟೇ.

ನನ್ನ ವಿಷಯ ಏನು ಬರೆಯಲಿ. ಮಂಡಿ ನೋವು ಹಾಗೇ ಇದೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಕೈಗೆ ಇನ್ನೂ ಗೊತ್ತಾಗಿಲ್ಲ, ಮಾಡಿದ್ದನ್ನೇ ಎರಡು ದಿನ ತಿನ್ನುತ್ತೇನೆ. ಟಿ.ವಿ.ಯಲ್ಲಿ ಹವಾಮಾನ ಹೇಳುವ ಹುಡುಗಿಯ ಜೊತೆ ಜಗಳ ಆಡುತ್ತೇನೆ, ಅವಳು ಒಂದಕ್ಕೂ ಉತ್ತರ ಕೊಡುವುದಿಲ್ಲ. ಪಕ್ಕದ ಮನೆಯ ಟೈಲರ್ ಅಕ್ಕ ಬಂದರೆ, ಅವಳು ಹೊರಡಬಾರದೆಂದು ಹರಿಯದ ಬ್ಲೌಸನ್ನೂ ಹೊಲಿಯಲು ಕೊಡುತ್ತೇನೆ. ಅವಳಿಗೂ ಗೊತ್ತು, ಆದರೂ ತೆಗೆದುಕೊಂಡು ಹೋಗುತ್ತಾಳೆ. ಮನೆ ಬಿಕೋ ಅನ್ನುತ್ತದೆ ಮಗಳೇ, ಬೇರೆ ಮಾತಿಲ್ಲ.

ಮೂರು ವರ್ಷದಿಂದ ನಾನು ಲಾರಿ ಸ್ಟ್ಯಾಂಡಿನ ಕಡೆ ಕಾಲಿಟ್ಟಿರಲಿಲ್ಲ. ಮಾರುಕಟ್ಟೆಗೆ ಹೋಗುವುದಾದರೂ ಸುತ್ತು ಬಳಸಿ ಹೋಗುತ್ತಿದ್ದೆ. ಮಂಚ ತೇಲಿದ್ದನ್ನು ನೋಡಿದ ಮಾರನೇ ದಿನ ನೆಟ್ಟಗೆ ಅಲ್ಲಿಗೇ ಹೋದೆ. ನನ್ನ ಮಗನ ಜೊತೆಯ ಡ್ರೈವರುಗಳು ಇಸ್ಪೀಟು ಆಡುತ್ತಿದ್ದರು, ನನ್ನನ್ನು ಕಂಡು ಎಲೆಗಳನ್ನು ಕೆಳಗಿಟ್ಟು ಎದ್ದುನಿಂತರು. ಎಲ್ಲರದೂ ತಲೆ ತಗ್ಗಿದ್ದು ನೋಡಿ ಬಂದದ್ದೇಕೆ ಎಂಬುದೇ ಮರೆತುಹೋಯಿತು. ಆಮೇಲೆ, ಗಾಡಿ ನೀವು ಕೊಡಿ, ಸಾಮಾನು ನಾನು ತರುತ್ತೇನೆ ಎಂದೆ. ಅವರಲ್ಲಿ ನಿಧಾನಪ್ಪ ಒಬ್ಬನೇ ಬಾಯಿಬಿಟ್ಟ. "ಡೀಸೆಲ್ ನಮ್ದು, ಟೀಚರಮ್ಮ. ನೀವು ಸೀಟಿ ತನ್ನಿ" ಎಂದ. ಖಾಲಿ ರಸ್ತೆಯಲ್ಲೂ ನಲವತ್ತು ದಾಟದ ಅವನನ್ನು ಸೈಕಲ್ಲಿನವರೂ ಹಿಂದೆ ಹಾಕುತ್ತಾರೆ ಎಂದು ನಿನ್ನ ಗಂಡ ಗೋಳು ಹೊಯ್ದುಕೊಳ್ಳುತ್ತಿದ್ದನಲ್ಲ, ಅದೇ ನಿಧಾನಪ್ಪ.

ಜನ ಕೊಟ್ಟರು, ಇಲ್ಲವೆನ್ನಲಾರೆ. ಅಕ್ಕಿ, ಬೇಳೆ, ಹೊದಿಕೆ, ಸೋಪು, ಮೇಣದಬತ್ತಿ. ಕೊಡಬಾರದ್ದನ್ನೂ ಕೊಟ್ಟರು. ಒಬ್ಬ ಪುಣ್ಯಾತ್ಮ ನಿಂತುಹೋದ ಗೋಡೆ ಗಡಿಯಾರ ತಂದಿಟ್ಟ, ಇನ್ನೊಬ್ಬಳು ಜರಿ ಅಂಚಿನ ಹಳೆಯ ಕರ್ಟನ್ನು. ಟೈಲರ್ ಅಕ್ಕ ನೆಲದ ಮೇಲೆ ಕೂತು ಹರಿದ ಬಟ್ಟೆಯನ್ನೆಲ್ಲ ಬೇರೆ ಮಾಡಿ, ಉಳಿದದ್ದಕ್ಕೆ ಗುಂಡಿ ಹಚ್ಚಿದಳು. ಸೋಮವಾರ ಲಾರಿಗೆ ತುಂಬಿಸುವ ಜವಾಬ್ದಾರಿ ನಾನೇ ಹೊತ್ತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೈಯಿಂದ ಕೈಗೆ ದಾಟಿಸಿ, ಎಲ್ಲಕ್ಕಿಂತ ಮುಖ್ಯವಾದ ಕುಡಿಯುವ ನೀರನ್ನು ಎಲ್ಲಕ್ಕಿಂತ ಮೊದಲು ಹೇರಿಸಿದೆ. ಮೇಲೆ ಮೂಟೆಗಳು, ಅದರ ಮೇಲೆ ಹೊದಿಕೆಗಳು. ಮೂರು ಗಂಟೆಯ ಕೆಲಸ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದಾಗ ನಿಧಾನಪ್ಪ ಟೈರು ನೋಡಿಕೊಂಡು ಬಂದು, "ಅಲ್ಲಿಗೆ ಹೋದ ತಕ್ಷಣ ಏನು ಕೇಳ್ತಾರೆ?" ಎಂದ. ನೀರು ಎಂದೆ. "ಮತ್ತೆ ಅದನ್ನ ಅಡಿಗೆ ಹಾಕ್ಬಿಟ್ರಲ್ಲ. ಮೊದ್ಲು ಇಳಿಯೋದು ಕೊನೆಗೆ ಹತ್ಬೇಕು" ಎಂದ, ಗಾಡಿ ಓಡಿಸುವಷ್ಟೇ ಮೆಲ್ಲಗೆ. ಲಾರಿ ಓಡಿಸುತ್ತಿದ್ದ ಮಗನನ್ನು ಹೆತ್ತವಳಿಗೆ ಇಷ್ಟು ಗೊತ್ತಿರಲಿಲ್ಲ. ಎಲ್ಲ ಇಳಿಸಿ ಮತ್ತೆ ತುಂಬಿದೆವು. ಒಬ್ಬನೂ ಗೊಣಗಲಿಲ್ಲ, ನನಗೇ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಟಾರ್ಪಾಲು ಕಟ್ಟುವಾಗ ನಿಧಾನಪ್ಪ ನನ್ನ ಮುಖ ನೋಡದೆ ಹಗ್ಗವನ್ನೇ ನೋಡುತ್ತ, "ಸೊಸೆಗೆ ಏನಾದ್ರೂ ಹೇಳಿ ಕಳಿಸೋದಿದ್ಯಾ?" ಎಂದು ಕೇಳಿದ. ಏನೂ ಇಲ್ಲ ಎಂದುಬಿಟ್ಟೆ. ಮನೆಗೆ ಬಂದು ಎರಡು ದಿನ ಆ ಮಾತನ್ನೇ ಮೆಲುಕು ಹಾಕಿದೆ. ಇವತ್ತು ಹನ್ನೊಂದಕ್ಕೆ ಗಾಡಿ ಹೊರಡುತ್ತದೆ.

ನಿಮಗೆಂದು ಒಂದು ಚೀಲ ಬೇರೆ ಇಟ್ಟಿದ್ದೇನೆ. ಅದು ನಿಧಾನಪ್ಪನ ಸೀಟಿನ ಹಿಂದೆ ಇರುತ್ತದೆ. ಎರಡು ಸೀರೆ, ಟವೆಲು, ಜ್ವರದ ಮಾತ್ರೆ. ಗುಬ್ಬಿಯ ಪಾದ ಈಗ ಎಷ್ಟಾಗಿದೆಯೋ ನನಗೆ ಗೊತ್ತಿಲ್ಲ. ಅಂಗಡಿಯವನು ಅಳತೆ ಕೇಳಿದಾಗ ಬೆರಳಲ್ಲಿ ಅಂದಾಜು ತೋರಿಸಿದೆ. ಮೂರು ಅಳತೆಯ ಚಪ್ಪಲಿ ತಂದಿದ್ದೇನೆ, ಆಗದವನ್ನು ಅಲ್ಲಿನ ಬೇರೆ ಮಕ್ಕಳಿಗೆ ಕೊಡು. ನಿನ್ನ ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ತಿಳಿಸು. ಗುಬ್ಬಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿಮ್ಮಿಬ್ಬರ ಮೇಲೂ ಒಂದು ಹನಿ ಕಷ್ಟವೂ ಬೀಳದಿರಲಿ.

ಇಂತಿ,
ನಿನ್ನ ಅತ್ತೆ

ತಾ. ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನನ್ನ ಮಗನನ್ನು ಮಣ್ಣು ಮಾಡಿ ಬಂದ ದಿನ, ಎಲ್ಲರ ಮುಂದೆ ನಿನಗೆ ಏನಂದೆ ಎಂಬುದು ನಿನಗೂ ನೆನಪಿದೆ, ನನಗೂ ಇದೆ. ನೀನು ಫೋನ್ ಮಾಡಿ ಬೇಗ ಬಾ ಅಂದದ್ದಕ್ಕೇ ಅವನು ಮಲಗದೆ ಗಾಡಿ ಓಡಿಸಿದ, ನೀನೇ ಅವನನ್ನು ಕೊಂದೆ ಎಂದೆ. ಅಪಘಾತವಾದ ಆ ಬೆಳಿಗ್ಗೆ ನಿನಗಿಂತ ಮುಂಚೆ ನಾನು ಫೋನ್ ಮಾಡಿದ್ದೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಎಲ್ಲೂ ನಿಲ್ಲಿಸದೆ ಬಾ ಅಂದೆ. ಆಯ್ತಮ್ಮ, ಬಂದೆ ಅಂದ. ಅವನ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನಿಧಾನಪ್ಪ ಕೇಳಿಸಿಕೊಂಡಿದ್ದಾನೆ, ಮೂರು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಡಬೇಕಾದವಳು ನಾನು. ಇದನ್ನು ನಿನ್ನ ಅಣ್ಣ ಅತ್ತಿಗೆಯರ ಮುಂದೆ, ಅಲ್ಲಿ ಇನ್ಯಾರಿದ್ದರೂ ಅವರ ಮುಂದೆ, ಗಟ್ಟಿಯಾಗಿ ಓದು. ಸಾಮಾನು ಇಳಿಸಿದ ಮೇಲೆ ನಿಧಾನಪ್ಪ ಬೇರೆ ಬಾಡಿಗೆ ಹಿಡಿಯುವುದಿಲ್ಲ, ಅವನ ಪಕ್ಕದ ಸೀಟಿನಲ್ಲಿ ನಿನಗೂ ಗುಬ್ಬಿಗೂ ಜಾಗವಿದೆ. ಓದಿ ಮುಗಿಸಿದ ಮೇಲೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾಳೆ, ಗುರುವಾರ, ಸಂಜೆ ನಾಲ್ಕರವರೆಗೆ ಗಾಡಿ ಸ್ಕೂಲಿನ ಗೇಟಿನಲ್ಲೇ ನಿಂತಿರುತ್ತದೆ.