ಸಾರಾಯಿ ನಾತದ ಔಷಧ

ಅತ್ತೆಯವರೇ,

ಸೊಸೆ ಶೈಲಾ ಬರೆಯುತ್ತಿದ್ದೇನೆ. ನೀವು ಲಿಂಗೈಕ್ಯರಾಗಿ ವರ್ಷವಾಯಿತು. ತಿರುಗಿ ಬೈಯಲಾರಿರಿ ಎಂಬ ಧೈರ್ಯ ನನಗೆ.

ನಿನ್ನೆ ಸದಾಶಿವ ಪೇಠೆಯ ಡಾಕ್ಟರ ಬಳಿ ಹೋಗಿದ್ದೆವು. ಅವರೂ ನಮ್ಮ ಕಡೆಯವರೇ. ಎರಡು ವರ್ಷ ದಿನಾ ಭುಜಕ್ಕೆ ಜೆಲ್ ಹಚ್ಚಿದರೂ ನಿಮ್ಮ ಮಗನ ರಕ್ತದಲ್ಲಿ ಟೆಸ್ಟೋಸ್ಟೆರಾನ್, ಅದೇ ಗಂಡಸರ ಹಾರ್ಮೋನು, ಏರಿಯೇ ಇಲ್ಲ.

"ಹಚ್ಚಿದ ಮ್ಯಾಲ ಏನು ಮಾಡ್ತೀರಿ?"

"ಜಳಕಾ ಮಾಡ್ತೀನ್ರಿ," ಅಂದರು ಇವರು, ತಲೆ ತಗ್ಗಿಸಿ.

ಡಾಕ್ಟರು ಹಣೆ ಹಣೆ ಬಡಿದುಕೊಂಡರು. "ಮೊದಲ ಜಳಕಾ, ಆಮ್ಯಾಲ ಔಷಧ. ಮಧ್ಯಾಹ್ನದ ತನಕ ನೀರು ತಾಗಬಾರದ್ರಿ."

ಜೆಲ್‌ನಲ್ಲಿ ಸ್ಪಿರಿಟ್ ಇರುತ್ತದೆ. ಮೊದಲ ದಿನವೇ ನೀವು ಮೂಗು ಮುಚ್ಚಿಕೊಂಡು, "ಸಾರಾಯಿ ನಾತ ಹೊಡ್ಯಾಕತ್ತೈತಿ, ಹಿಂಗ ಪೂಜಿಗೆ ಕುಂಡ್ರತಿಯೇನು? ಹೋಗು, ಮೈ ತೊಳಕೊ!" ಎಂದು ಗದರಿದ್ದಿರಿ. ಅಂದಿನಿಂದ ಔಷಧವೆಲ್ಲ ಬಚ್ಚಲ ಮೋರಿಗೇ ಹೋಯಿತು. ರಾತ್ರಿ ಇವರು ಗೋಡೆಯ ಕಡೆ ತಿರುಗಿ ಮಲಗಿದರೆ ಮಾತ್ರ ತಪ್ಪು ನನ್ನದು. "ಗಂಡನ್ನ ಒಲಿಸ್ಕೊಳ್ಳಾಕ ಬರಲಾರದಾಕಿ" ಎಂದು ಬಂದವರ ಎದುರೆಲ್ಲ ಅಂದಿರಿ. ಸಾಯುವ ತನಕ ಅಂದಿರಿ.

ಇವತ್ತು ಮುಂಜಾನೆ ಇವರ ಜಳಕವಾದ ಮೇಲೆ ನಾನೇ ಎದುರು ನಿಂತು ಹಚ್ಚಿಸಿದೆ. ಆ ನಾತದ ಸಮೇತ ನಿಮ್ಮ ಫೋಟೋದ ಮುಂದೆಯೇ ಪೂಜೆಗೆ ಕೂರಿಸಿದೆ. ಚೌಕಟ್ಟಿನಲ್ಲಿ ನೀವು ಎದೆಯ ತನಕ ಮಾತ್ರ ಇದ್ದೀರಿ. ಮೂಗು ಮುಚ್ಚಿಕೊಳ್ಳಲು ಕೈಯಿಲ್ಲ. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕುವ ಮೊದಲೇ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು.