ಗುರುತು ಬಿದ್ದ ಮಾತು

ಗುಡೇಕೋಟೆ,
೧೪ ನವೆಂಬರ್ ೨೦೨೪

ಮಗಳೇ ಮೇಘಾ,

ನಿನ್ನ ಸೋದರಮಾವ ದೊಡ್ಡಬೀರಪ್ಪನ ಆಶೀರ್ವಾದ. ಕಾರವಾರದಲ್ಲಿ ಆರೋಗ್ಯ ಹೇಗಿದೆ? ಊರವರ ಜ್ವರ ನೋಡುವ ನರ್ಸಮ್ಮ ತನ್ನ ಊಟ ಮರೆಯುತ್ತಾಳೆಂದು ನನಗೆ ಗೊತ್ತು. ಕಳಿಸಿದ ಸಜ್ಜೆ ರೊಟ್ಟಿ ಮುರಿಯದೆ ತಲುಪಿದವೇ? ಆ ಪಾರ್ಸಲ್ಲಿನ ವಿಳಾಸಕ್ಕೇ ಇದನ್ನೂ ಬರೆಯುತ್ತಿದ್ದೇನೆ. ನಿನ್ನ ಅವ್ವ ಗಟ್ಟಿಯಾಗಿದ್ದಾಳೆ. ಕಪ್ಪು ಆಡು ಅವಳಿ ಮರಿ ಹಾಕಿದೆ. ನಾನೊಬ್ಬನೇ ನೆಟ್ಟಗಿಲ್ಲ. ನಿನ್ನ ಮಾವ ತಲೆ ತಗ್ಗಿಸಿದ್ದನ್ನು ಈ ಊರು ಕಂಡಿಲ್ಲ. ಈಗಲೂ ಕಾಣದಿರಲೆಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿನ್ನ ಕಾರವಾರದ ಪ್ರವೀಣಕುಮಾರನನ್ನು ಮದುವೆಯಾಗಲೇ ಎಂದು ಕೇಳಿದ್ದಕ್ಕೆ ಅವ್ವ ಅವನ ಕುಲ ಕೇಳಿದಳೇ ಹೊರತು ಉತ್ತರವನ್ನೇ ಕೊಡಲಿಲ್ಲವೆಂದು ನೀನು ಮುನಿಸಿಕೊಂಡಿರುವೆ. ದೀಪಾವಳಿಗೂ ಬರಲಿಲ್ಲ. ಹೋದ ಸಲ ಬಸ್ಸು ಹತ್ತುವಾಗ, "ಅವ್ವ ಹೂಂ ಅನ್ನೂತನಕ ನಾ ಈ ಮನಿ ಹೊಸ್ತಿಲ ತುಳಿಯಂಗಿಲ್ಲ ಮಾವ" ಅಂದಿದ್ದೆಯಲ್ಲ. ಕೇಳು ಮಗಳೇ, ಅವ್ವ ಹಬ್ಬಕ್ಕೆ ಮುಂಚೆಯೇ ಉತ್ತರ ಹೇಳಿದ್ದಳು. ಅದು ನಿನಗೆ ಮುಟ್ಟದಂತೆ ಮಾಡಿದವನು ನಾನು.

ಆಕೆಯ ಫೋನಿಗೆ ಅಪ್‌ಡೇಟ್ ಬಂದಿತ್ತು. ಯಾರನ್ನೂ ಕೇಳದೆ ಒತ್ತಿದವನು ನಾನೇ. ಅಂದಿನಿಂದ ವೈಫೈ ಹಿಡಿಯುವುದು, ಬಿಡುವುದು, ಹಾಲು ಬಿಡಿಸಿದ ಮರಿಯಂತೆ ಚಡಪಡಿಸುವುದು. ಗುಡ್ಡದ ಮರೆಯ ನಮ್ಮ ಮನೆಗೆ ಟವರ್ ಸಿಗ್ನಲ್ ಬರದು. ನೀನು ಹಾಕಿಸಿದ ವೈಫೈ ಡಬ್ಬಿಯೇ ಗತಿ. ಅಂಥ ಹೊತ್ತಿನಲ್ಲೇ ಅವ್ವ ಮನಸ್ಸು ಗಟ್ಟಿ ಮಾಡಿ ನಿನಗೆ ಮಾತಾಡಿ ಕಳಿಸಿದಳು. ಮೈಕಿನ ಗುಂಡಿ ಒತ್ತಿ ಹಿಡಿದಿದ್ದವನು ನಾನು. ಮಾತಿನ ಪಕ್ಕದಲ್ಲಿ ಸಣ್ಣದೊಂದು ದುಂಡು ಗುರುತು ಮೂಡಿತು. ಕುರಿ ಸಂತೆಯಲ್ಲಿ ಕೊಂಡವನು ಬೆನ್ನಿಗೆ ಬಣ್ಣ ಹಚ್ಚಿದನೆಂದರೆ ವ್ಯಾಪಾರ ಮುಗಿಯಿತು, ಕುರಿ ಅವನದು. ನಾನೂ ಅದೇ ಲೆಕ್ಕ ಹಿಡಿದೆ. "ಗುರುತು ಬಿತ್ತು, ಹೋತು ಬಿಡಕ್ಕ, ಈಗ ಮೇಘಾ ಕೇಳಾಕತ್ತಿರ್ತಾಳ" ಅಂದೆ. ಅದು ಗಡಿಯಾರದ ಚಿತ್ರವಂತೆ, ಮಾತು ಇನ್ನೂ ಹೊರಟಿಲ್ಲವೆಂಬ ಗುರುತಂತೆ! ಎಲ್ಲ ಕೈಮೀರಿದ ಮೇಲೆ ತಿಳಿಯಿತು.

ಅವ್ವ ದಿನಾ ಸಂಜೆ ಫೋನನ್ನು ಸೆರಗಿನಲ್ಲಿ ಒರೆಸಿ, "ನನ್ನ ಮಗಳು ಏನಂದಳೋ?" ಎನ್ನುತ್ತಾಳೆ. ನಿನ್ನಿಂದ ಸುದ್ದಿಯಿಲ್ಲ. ಮಾತು ಕಳಿಸಿದ ದಿನದಿಂದ ವೈಫೈಯೂ ಪೂರ್ತಿ ಬಿದ್ದುಹೋಗಿತ್ತು. ಆಗ ನಾನು ರಿಪೇರಿಗೆ ಕೂತೆ. ಫೋನು ಆರಿಸಿ ಮತ್ತೆ ಹಚ್ಚಿದೆ, ಡಬ್ಬಿಯ ವೈರು ಕಿತ್ತು ಮತ್ತೆ ಚುಚ್ಚಿದೆ, ವೈಫೈ ಹೆಸರು ಅಳಿಸಿ ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ಪಕ್ಕದ ಮನೆ ಗಿಡ್ಡಮ್ಮ ಬಂದು, "ಕುರಿ ಗೊರಸು ನೋಡಿದಂಗ ನೋಡಾಕತ್ತೀಯಲ್ಲೋ ಬೀರಪ್ಪ, ಕೂಡ್ಲಿಗಿ ಭೀಮೇಶನ ಮೊಬೈಲ್ ಅಂಗಡಿಗಿ ಒಯ್ಯಿ" ಎಂದಳು. "ಭೀಮೇಶಗ ಕಲಿಸಿದವನ ನಾನು!" ಎಂದುಬಿಟ್ಟೆ. ಹಾಗೆಂದ ಮೇಲೆ ಹಿಂದೆ ಸರಿಯಲಾದೀತೇ? ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಒಂದನ್ನೇ ಮೊದಲಿನಂತೆ ಮಾಡುವ ಸಾಲೊಂದಿತ್ತು. ಅದರ ಕೆಳಗೆ ಎಲ್ಲವನ್ನೂ ಅಳಿಸುವ ಸಾಲು. ದೊಡ್ಡ ರೋಗಕ್ಕೆ ದೊಡ್ಡ ಮದ್ದೆಂದು ಕೆಳಗಿನದನ್ನೇ ಒತ್ತಿದೆ.

ಈಗ ವೈಫೈ ಚೆನ್ನಾಗಿ ಹಿಡಿಯುತ್ತದೆ. ಫೋನು ಮಾತ್ರ ಕುರಿಯಿಲ್ಲದ ಹಟ್ಟಿ. ನಿನ್ನ ನಂಬರಿಲ್ಲ, ನಿನ್ನ ಫೋಟೋಗಳಿಲ್ಲ, ಅವ್ವನ ಆ ಮಾತೂ ಇಲ್ಲ. ಬೇರೆಯವರಿಂದ ನಂಬರ್ ಪಡೆದು ಮಾತಾಡಬಹುದಿತ್ತು. ಆದರೆ ಬಾಯಿ ಬಿಟ್ಟರೆ ನನಗೆ ಜಂಬವೇ ಬರುತ್ತದೆ, ತಪ್ಪನ್ನು ಫೋನಿನ ಮೇಲೆ ಹಾಕಿಬಿಡುತ್ತೇನೆ. ಬರೆಯುವಾಗ ಕೈಗೆ ಅಷ್ಟು ಸುಳ್ಳು ಬರುವುದಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. "ಇನ್ನೊಮ್ಮೆ ಹೇಳಕ್ಕ" ಎಂದು ಯಾವ ಮುಖದಿಂದ ಕೇಳಲಿ? ಅದು ಆಕೆಯ ಬಾಯಿಂದ ಎಷ್ಟು ಕಷ್ಟಪಟ್ಟು ಬಂದ ಮಾತೆಂದು ಕಂಡವನು ನಾನೊಬ್ಬನೇ. ಇದನ್ನು ಅಂಚೆಗೆ ಹಾಕಿ ಬಂದು ಆಕೆಯ ಮುಂದೆ ಕೂರುತ್ತೇನೆ. ಬೈಯಲಿ.

ಬೀರಪ್ಪ ದೇವರು ನಿನ್ನನ್ನು ಹಿಂಡಿನ ನಡುವಿನ ಮರಿಯಂತೆ ಕಾಯಲಿ. ಸಿಟ್ಟೆಲ್ಲ ನನಗಿರಲಿ, ಅವ್ವನ ಮೇಲೆ ಬೇಡ.

ನಿನ್ನ ಮಾವ,
ದೊಡ್ಡಬೀರಪ್ಪ

ತಾ.ಕ.: ಅಂಚೆಯವ ಹೊರಡುವ ಹೊತ್ತಾಯಿತು, ನಾನು ನನ್ನ ಪುರಾಣದಲ್ಲಿ ಮುಖ್ಯ ಮಾತನ್ನೇ ಬಿಟ್ಟಿದ್ದೆ. ಒಂದಕ್ಷರ ಮರೆತಿಲ್ಲ, ಅವ್ವ ಅಂದದ್ದು ಇಷ್ಟು: "ಯವ್ವಾ ಮೇಘಾ, ಅವನ ಕುಲ ಕೇಳಿ ನಾ ತಪ್ಪು ಮಾಡೀನಿ. ಈಗ ಒಂದ ಕೇಳತೀನಿ, ನಮ್ಮ ಖಾರ ತಿಂತಾನೇನ ಅವ? ತಿನ್ನಲಿಲ್ಲಂದ್ರೂ ಕರಕೊಂಡು ಬಾ, ಬೆಲ್ಲ ಹಾಕ್ತೀನಿ. ಹೂಂ. ಕೇಳಿಸ್ತೇನ? ಹೂಂ ಅಂದೀನಿ."